ಹಗೇವೂ ಗದ್ದೆಯ ನೀರೂ

ಬೆಳಗ್ಗೆ ಎದ್ದ ಕೂಡಲೇ ನಾನು ನೆಲಕ್ಕೆ ಅಂಗೈ ಊರಿ ನೋಡುತ್ತೇನೆ. ಕೆಲವರು ಎದ್ದ ಕೂಡಲೇ ಭೂಮಿತಾಯಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನನ್ನದು ಅಂಥ ಭಕ್ತಿಯಲ್ಲ. ನೆಲ ತೇವವಾಗಿದೆಯೇ ಎಂದು ನೋಡುತ್ತೇನೆ, ಅಷ್ಟೆ. ಅಂಗೈಯನ್ನು ಪೂರ್ತಿ ಊರಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಅದೇ ಕೈಯನ್ನು ಕೆನ್ನೆಗೆ ಹಚ್ಚಿಕೊಳ್ಳುತ್ತೇನೆ. ಕೈಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದೆ.

ದಾವಣಗೆರೆಯ ಈ ಬಾಡಿಗೆ ಮನೆಯ ನೆಲಕ್ಕೆ ಕಲ್ಲು ಹಾಸಿದ್ದಾರೆ. ನೀರು ಬೇಕೆಂದರೆ ಬೀದಿಯ ನಲ್ಲಿಯ ಮುಂದೆ ಕೊಡ ಇಟ್ಟು ಜಗಳವಾಡಬೇಕು. ಇಲ್ಲಿ ನೆಲದೊಳಗಿಂದ ತೇವ ಏಳುವ ಮಾತೇ ಇಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿದವಳಿಗೆ ಇಷ್ಟು ತಿಳಿಯದೇ? ತಿಳಿಯುತ್ತದೆ. ಆದರೂ ಕೈ ಹೋಗುತ್ತದೆ. ನಮ್ಮ ಯಜಮಾನರು ಹತ್ತಿ ಗಿರಣಿಯವರು, ತಲೆಗೂದಲಲ್ಲಿ ಯಾವಾಗಲೂ ಒಂದಿಷ್ಟು ಅರಳೆ. ಹಾಸಿಗೆಯಲ್ಲಿ ಕುಳಿತೇ ಕೇಳುತ್ತಾರೆ: "ಹೆಂಗೈತೆ ಇವತ್ತು? ನೆಲಕ್ಕೆ ಜ್ವರ ಇಳೀತಾ?"

ನಾನು ನಗುತ್ತೇನೆ. ಅವರೂ ಹೆಚ್ಚು ಕೇಳುವುದಿಲ್ಲ. ಇದು ನಮ್ಮ ಅವ್ವನ ಅಭ್ಯಾಸವೆಂದು ಅವರಿಗೆ ಗೊತ್ತು. ಯುಗಾದಿಯ ಮಗ್ಗುಲಲ್ಲೇ ಅವ್ವ ಹೋದಳು. ಅವಳ ಸೀರೆಗಳನ್ನು ಹಂಚಿಯಾಯಿತು. ಕಂಚಿನ ತಂಬಿಗೆ, ಬೀಸುವ ಕಲ್ಲು, ಯಾರಿಗೆ ಯಾವುದೆಂದು ಹಿರಿಯರೇ ಕುಳಿತು ಹೇಳಿದರು. ಈ ಅಭ್ಯಾಸ ಯಾರ ಪಾಲಿಗೆ ಎಂದು ಯಾರೂ ಕೇಳಲಿಲ್ಲ. ಅದು ತಾನಾಗಿ ನನ್ನ ಹಿಂದೆ ಬಂತು.

ನಮ್ಮೂರು ಹದಡಿಯ ಹತ್ತಿರ. ನಾವು ಜೋಳದವರು. ಈಗ ಆ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಕಣ್ಣು ಹಾಯುವಷ್ಟೂ ಹಸಿರು ಭತ್ತ ಕಾಣುತ್ತದೆ, ಹುಟ್ಟಿದಾಗಿನಿಂದ ಹೀಗೇ ಇತ್ತೇನೋ ಅನ್ನಿಸುತ್ತದೆ. ನಾನು ಚಿಕ್ಕವಳಾಗಿದ್ದಾಗ ನಮ್ಮಲ್ಲಿ ಅನ್ನ ಎಂದರೆ ಹಬ್ಬ, ಇಲ್ಲವೇ ಜ್ವರ. ಜ್ವರ ಬಂದವರಿಗೆ ಮೆತ್ತಗೆ ಅನ್ನ ಮಾಡಿ, ತಿಳಿಸಾರು ಹಾಕಿ ಕೊಡುತ್ತಿದ್ದರು. ಹಬ್ಬಗಳು ನನ್ನ ಕೈಯಲ್ಲಿರಲಿಲ್ಲವಾದ್ದರಿಂದ ನಾನು ಜ್ವರವನ್ನೇ ನಂಬಿಕೊಂಡಿದ್ದೆ. ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಮಲಗಿದರೆ ಮೈ ಕಾಯುತ್ತದೆಂದು ಯಾರೋ ಹೇಳಿದ್ದರು. ಮೈ ಕಾಯಲಿಲ್ಲ, ನಾತ ಮಾತ್ರ ಹೊಡೆಯಿತು. ಅವ್ವ ಬಂದು ಹಣೆಯ ಮೇಲೆ ಕೈ ಇಟ್ಟಳು. ಆಮೇಲೆ ಮೂಗೆಳೆದು, "ಏಳವ್ವ, ಆ ಉಳ್ಳಾಗಡ್ಡಿ ಇತ್ತ ಕೊಡು, ಚಟ್ನಿಗೆ ಬೇಕು" ಅಂದಳು. ಅವಳ ಕೈಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಜೋಳದವರ ಜೀವ ಇರುತ್ತಿದ್ದದ್ದು ಹಗೇವಿನಲ್ಲಿ. ಈಗಿನ ಪಟ್ಟಣದ ಮಕ್ಕಳಿಗೆ ಹಗೇವು ಎಂದರೆ ಏನೆಂದು ಹೇಳಬೇಕಾಗುತ್ತದೆ. ನೆಲದಲ್ಲಿ ಆಳುದ್ದಕ್ಕೂ ಮಿಗಿಲಾಗಿ ತೋಡಿದ, ಬಾಯಿ ಸಣ್ಣ ಹೊಟ್ಟೆ ದೊಡ್ಡದಾದ ಕಣಜ ಅದು. ಗೋಡೆಗೆ ಹುಲ್ಲು ಒತ್ತಿ, ಒಳಗೆ ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡದು. ನಮ್ಮ ಮನೆ ಊರಿನ ಕೊನೆಯದು. ಹಗೇವು ಹಿತ್ತಲಲ್ಲಿತ್ತು. ಹಿತ್ತಲು ದಾಟಿದರೆ ನಮ್ಮ ಎರೆ ಹೊಲ, ಹಿತ್ತಲಿಗಿಂತ ಮೊಣಕಾಲಷ್ಟು ಎತ್ತರದಲ್ಲಿ. ಹಗೇವಿನ ಜೋಳದ ರೊಟ್ಟಿಗೆ ಒಂದು ಬಗೆಯ ಕಮಟು ವಾಸನೆ ಇರುತ್ತಿತ್ತು. ಬೇರೆ ಕಡೆಯಿಂದ ಬಂದವರು ಮುಖ ಕಿವುಚುತ್ತಿದ್ದರು. ನಮಗೆ ಆ ವಾಸನೆ ಬಂದರೇನೇ ಊಟ ಮಾಡಿದ ಹಾಗೆ.

ಹಗೇವಿಗೆ ಒಂದು ಕಟ್ಟಳೆ. ಮಳೆಗಾಲದಲ್ಲಿ ಅದರ ಬಾಯಿ ತೆಗೆಯಬಾರದು. ತೆಗೆದರೆ ಹಸಿಗಾಳಿ ಒಳಗೆ ಹೊಕ್ಕು ಕಾಳು ಬೂಸಲು ಹಿಡಿಯುತ್ತದೆ. ಮಳೆಗಾಲಕ್ಕೆ ಬೇಕಾದಷ್ಟನ್ನು ಮೊದಲೇ ತೆಗೆದಿಟ್ಟುಕೊಂಡು ಮುಚ್ಚಿಬಿಟ್ಟರೆ ದೀಪಾವಳಿಯ ತನಕ ಒಳಗೆ ಏನಾಗುತ್ತಿದೆಯೆಂದು ಯಾರಿಗೂ ಗೊತ್ತಿಲ್ಲ. ನಂಬಿಕೊಂಡು ಕೂರಬೇಕು.

ಆಮೇಲೆ ಭದ್ರಾ ನಾಲೆ ಬಂತು. ಊರಿಗೆ ಊರೇ ಹೋಗಿ ನೋಡಿತು. ಹೆಂಗಸರು ಅರಿಸಿನ ಕುಂಕುಮ ಹಾಕಿದರು. ಅಪ್ಪ ನಾಲೆಯ ದಂಡೆಯ ಮೇಲೆ ಕುಳಿತು, ಹೊಸ ನೆಂಟರನ್ನು ನೋಡುವ ಹಾಗೆ ನೀರನ್ನು ಸುಮ್ಮನೆ ನೋಡಿದ. ಅದುವರೆಗೆ ಅವನು ಕಂಡಿದ್ದ ನೀರೆಲ್ಲ ಮೇಲಿನಿಂದ ಬೀಳುವುದು, ಇಲ್ಲವೇ ಬಾವಿಯಿಂದ ಸೇದುವುದು. ಹೀಗೆ ಮನೆ ಬಾಗಿಲಿಗೆ ನಡೆದು ಬರುವ ನೀರು ಹೊಸದು. ಆ ವರ್ಷ ಅಪ್ಪ ಜೋಳ ಬಿತ್ತಲಿಲ್ಲ. ಹೊಲವನ್ನೆಲ್ಲ ಮಡಿ ಮಾಡಿ, ಬದು ಹಾಕಿ ಭತ್ತ ನಾಟಿ ಮಾಡುತ್ತೇನೆಂದು ಕುಳಿತ.

"ಒಂದು ತುಂಡಾದ್ರೂ ಜೋಳಕ್ಕೆ ಬಿಡ್ರಿ" ಅಂದಳು ಅವ್ವ.

"ಹಗೇವು ತುಂಬಿ ಕುಂತೈತಲ್ಲ, ಇನ್ನೇನು ಬೇಕು ನಿನಗೆ?" ಅಂದ ಅಪ್ಪ.

ಮಾತು ನಿಜವೇ. ಹಗೇವು ತುಂಬಿತ್ತು. ಆದರೆ ಇದ್ದದ್ದೂ ಅದೊಂದೇ. ಭತ್ತ ಬಂದರೆ ಬಂತು. ಬಾರದಿದ್ದರೆ ಬರುವ ವರ್ಷ ನಾವು ತಿನ್ನಬೇಕಾದದ್ದು, ಮತ್ತೆ ಬಿತ್ತಬೇಕಾದದ್ದು ಆ ಚಪ್ಪಡಿಯ ಕೆಳಗಿನ ಕಾಳನ್ನೇ.

ಭತ್ತ ಬೆಳೆಯುವುದು ಹೇಗೆಂದು ಹೇಳಿಕೊಡಲು ಹರಿಹರದಿಂದ ಮಾವ ಬಂದ. ಮಾವ ಅವ್ವನ ಅಣ್ಣ. ಹೊಳೆ ದಂಡೆಯಲ್ಲಿ ಅವನಿಗೆ ಒಂದಿಷ್ಟು ಗದ್ದೆ ಇತ್ತು. ತುಂಗಭದ್ರೆಯಿಂದ ನೀರೆತ್ತುವ ಎಣ್ಣೆ ಎಂಜಿನ್ನನ್ನು ಮೂರು ಜನರೊಂದಿಗೆ ಸೇರಿ ಇಟ್ಟುಕೊಂಡಿದ್ದ. ಪಾಲು ನಾಲ್ವರದಾದರೂ ಮಾತಿನಲ್ಲಿ ಎಂಜಿನ್ನು ಅವನೊಬ್ಬನದೇ. ಅದರ ಸದ್ದಿನಲ್ಲೇ ಮಾತಾಡಿ ಅಭ್ಯಾಸವಾಗಿ ನಮ್ಮ ಪಡಸಾಲೆಯಲ್ಲೂ ಕೂಗಿಕೊಂಡೇ ಮಾತಾಡುತ್ತಿದ್ದ.

"ನೋಡು ಭಾವ, ಬತ್ತ ಅಂದ್ರೆ ಮೀನು ಇದ್ದಂಗೆ. ನೀರು ಬಿಟ್ಟರೆ ಸತ್ತಂಗೆ! ಗದ್ದ್ಯಾಗ ಯಾವತ್ತೂ ನೀರು ನಿಂತಿರಬೇಕು. ನೆಲ ಕಾಣ್ತು ಅಂದ್ರೆ ನಿನ್ನ ಬೆಳೆ ಹೋತು ಅಂತ ತಿಳ್ಕೊ."

"ಎಷ್ಟು ನಿಂತಿರಬೇಕು ಭಾವ?" ಅಪ್ಪ ಮೆಲ್ಲಗೆ ಕೇಳಿದ.

"ಇದ್ದಷ್ಟೂ ಒಳ್ಳೇದು! ನೀರಿಗೇನು ಬಡತನ ಈಗ?"

ಈ ಮಾತು ಬೇರೆ ಯಾರ ಕಿವಿಗೆ ಬಿದ್ದಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಜೋಳದವನ ಕಿವಿಗೆ ಬಿತ್ತು. ಸಿಕ್ಕಾಗ ತುಂಬಿಕೊಂಡು ಮುಚ್ಚಿಡುವುದು ನಮ್ಮ ರಕ್ತದಲ್ಲೇ ಇತ್ತು. ನಾಲೆಯ ನೀರು ಪಾಳಿಯ ಮೇಲೆ ಬರುತ್ತಿತ್ತು, ನಮ್ಮ ಸರದಿ ಬಂದಾಗ ನಮಗೆ, ಆಮೇಲೆ ಮುಂದಿನವರಿಗೆ. ಮುಂದಿನ ಪಾಳಿ ಬರುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಅಪ್ಪ ಬದುಗಳನ್ನು ಎತ್ತರಿಸುತ್ತಲೇ ಹೋದ. ಬದು ಎತ್ತರವಾದಷ್ಟೂ ನೀರು ಏರಿತು. ನಾಟಿಯಾದ ಸಸಿಗಳು ಕತ್ತು ಮಾತ್ರ ಹೊರಗಿಟ್ಟು, ಹೊಂಡದಲ್ಲಿ ಈಜು ಬಾರದೆ ನಿಂತ ಹುಡುಗಿಯರ ಹಾಗೆ ನಿಂತವು. ಆಚೆಮನೆಯ ನೀಲಮ್ಮ ಬೇಲಿಯ ಆಚೆಯಿಂದಲೇ ಕೇಳಿದಳು: "ಏನ್ ತಾಯಿ, ನಿಮ್ಮನೇರು ಬತ್ತ ಬೆಳೀತಾರೋ, ಕೆರೆ ಕಟ್ತಾರೋ?"

ಅವ್ವ ನಗಲಿಲ್ಲ. ಅವಳ ಗಮನ ಬೇರೆ ಕಡೆ ಇತ್ತು. ಶ್ರಾವಣದ ಒಂದು ಬೆಳಗ್ಗೆ ಹಿತ್ತಲು ಗುಡಿಸುತ್ತಿದ್ದವಳು ಪೊರಕೆ ಬಿಟ್ಟು, ಹಗೇವಿನ ಚಪ್ಪಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ನೆಲಕ್ಕೆ ಅಂಗೈ ಊರಿದಳು. ಆಮೇಲೆ ಅದೇ ಕೈಯನ್ನು ಕೆನ್ನೆಗೆ ಹಚ್ಚಿಕೊಂಡಳು. ನಾನು ನೋಡಿದ್ದು ಅದೇ ಮೊದಲು.

"ಏನವ್ವ?"

"ಏನಿಲ್ಲ. ಮಳೆ ತೇವ ಇದ್ದೀತು."

ಮಳೆ ಬಿದ್ದು ಬಹಳ ದಿನವಾಗಿತ್ತು. ಅಂದಿನಿಂದ ಅವ್ವ ದಿನವೂ ನೆಲ ಮುಟ್ಟಿ ನೋಡತೊಡಗಿದಳು. ಅಡುಗೆಮನೆಯ ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಎದ್ದಿತು. ಒಂದು ದಿನ ಹಿತ್ತಲಲ್ಲಿ ಕಪ್ಪೆಮರಿಯೊಂದು ನೆಗೆಯಿತು. ನಮ್ಮ ಹಿತ್ತಲಿನ ಜನ್ಮದಲ್ಲಿ ಕಪ್ಪೆ ಬಂದಿರಲಿಲ್ಲ. ನನಗೆ ಅದು ಬಹಳ ಮುದ್ದಾಗಿ ಕಂಡು, ಅದಕ್ಕೊಂದು ಹೆಸರು ಇಟ್ಟೆ. ಅವ್ವ ಅದನ್ನು ಪೊಲೀಸರನ್ನು ನೋಡಿದ ಹಾಗೆ ನೋಡಿದಳು.

ಅವಳ ಸಂಕಟ ಇದು. ಗದ್ದೆಯ ನೀರು ನೆಲದೊಳಗೇ ಬಸಿದು ಹಗೇವಿನ ಗೋಡೆಗೆ ಬರುತ್ತಿದೆಯೆಂದು ಅವಳ ಕೈ ಹೇಳುತ್ತಿತ್ತು. ಆದರೆ ತೆರೆದು ನೋಡುವಂತಿಲ್ಲ. ನೀರು ಬಂದಿರದಿದ್ದರೆ, ತೆರೆದ ತಪ್ಪಿಗೇ ಕಾಳು ಕೆಡುತ್ತದೆ. ಬಂದಿದ್ದರೆ, ತೆರೆಯದೆ ಕುಳಿತ ಒಂದೊಂದು ದಿನವೂ ಒಳಗೆ ಕೊಳೆಯುತ್ತಿದೆ. ಊಟಕ್ಕೆ ಕುಳಿತಾಗಲೂ ಅವ್ವನ ಕಿವಿ ಹಿತ್ತಲ ಕಡೆಗೇ. ಕಾಳು ಕೊಳೆಯುವುದು ಕಿವಿಗೆ ಕೇಳುತ್ತದೇನೋ ಎಂಬ ಹಾಗೆ. ಆ ಹೆದರಿಕೆ ನನಗೂ ಅಂಟಿ, ನಾನು ಚಪ್ಪಡಿಯ ಹತ್ತಿರ ತುದಿಗಾಲಲ್ಲಿ ನಡೆಯತೊಡಗಿದೆ. ನನ್ನಂಥ ಕಡ್ಡಿಯ ಭಾರಕ್ಕೆ ಹಗೇವು ಕುಸಿಯುತ್ತದೆಂದು ಯಾಕೆ ಅನ್ನಿಸಿತೋ.

"ಗದ್ದೆ ನೀರು ಬಿಡ್ರಿ. ಒಂದಿಷ್ಟು ದಿನ ನೆಲ ಒಣಗಲಿ" ಅಂದಳು ಅವ್ವ ಒಂದು ದಿನ.

"ಬಿಟ್ಟು? ಪೈರು ಸುಟ್ಟು ಹೋದ್ರೆ? ನಿಮ್ಮಣ್ಣ ಏನಂದ, ಕೇಳಲಿಲ್ಲಾ?"

"ನಮ್ಮಣ್ಣನ ಹಿತ್ತಲಾಗ ಹಗೇವು ಇಲ್ಲ."

"ಮತ್ತೆ ಪಾಳಿ ಬರಲಿಲ್ಲ ಅಂದ್ರೆ ಯಾರು ಕೊಡ್ತಾರೆ ನೀರು? ನೀನು ಕೊಡ್ತೀಯಾ?"

"ಜನ ಜೋಳ ಹಗೇವಿಗೆ ಹಾಕ್ತಾರೆ. ನೀವು ನೀರಿಗೂ ಹಗೇವು ಮಾಡೀರಿ. ಆ ಹಗೇವು ಈ ಹಗೇವನ್ನ ತಿಂತೈತೆ!"

ಅಪ್ಪ ಎದ್ದು ಗದ್ದೆಗೆ ಹೋದ. ಅವನದೂ ಹೆದರಿಕೆಯೇ. ಈಗ ನೆನೆದರೆ ಅನ್ನಿಸುತ್ತದೆ, ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಎರಡು ಹೆದರಿಕೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಒಬ್ಬರದನ್ನು ಇಳಿಸಿದರೆ ಇನ್ನೊಬ್ಬರದು ಏರುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅವ್ವ ಬುತ್ತಿಯ ಜೊತೆಗೆ ಸಲಿಕೆಯನ್ನೂ ತೆಗೆದುಕೊಂಡು ಹೊರಟಳು. ನಾನು ಹಿಂದೆಯೇ ಹೋದೆ. ಅಪ್ಪ ಬದುವಿನ ಮೇಲೆ ಕುಳಿತಿದ್ದ. ಅವ್ವ ಬುತ್ತಿಯನ್ನು ಅವನ ಮುಂದಿಟ್ಟಳು. ಸಲಿಕೆಯನ್ನು ಬುತ್ತಿಯ ಪಕ್ಕ ಇಟ್ಟಳು.

"ಇಂಥಾ ಬುತ್ತಿ ಎಲ್ಲೂ ಕಾಣಲಿಲ್ಲ ನಾನು" ಅಂದ ಅಪ್ಪ.

"ಬದು ನೀವು ಒಡೀರಿ. ಇಲ್ಲಾಂದ್ರೆ ನಾ ಒಡೀತೀನಿ. ಕದ್ದು ಒಡೆಯಾಕೆ ನನಗೆ ಮನಸ್ಸಿಲ್ಲ. ಅದಕ್ಕೆ ಕೇಳಾಕೆ ಬಂದೀನಿ."

ಅಪ್ಪ ಸಲಿಕೆಯನ್ನು ನೋಡಿದ. "ಪೈರು ಹೋದ್ರೆ?"

"ಹೋದ್ರೆ ಜೋಳ ಐತೆ."

"ಜೋಳನೂ ಹೋಗಿದ್ರೆ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡು, ಗದ್ದೆಗೆ ಬೆನ್ನು ತಿರುಗಿಸಿ ಕುಳಿತು, "ಒಡಿ" ಅಂದ.

ಅವ್ವ ಒಡೆದಳು. ಮೊದಲು ಒಂದು ಬಳ್ಳಿಯಷ್ಟು ನೀರು ಜಾರಿತು, ಆಮೇಲೆ ತೊಡೆಯಷ್ಟು. ಬಸಿಗಾಲುವೆಗೆ ಬೀಳುವ ಆ ಸದ್ದು ಕೇಳುತ್ತಾ ಅಪ್ಪ ರೊಟ್ಟಿ ಅಗಿದ. ಅಗಿದದ್ದೇ ಬಂತು, ನುಂಗಿದ್ದು ನನಗೆ ಕಾಣಲಿಲ್ಲ.

ಆಮೇಲಿನ ದಿನಗಳು ಬೇಡ ಅನ್ನಿಸುವಂಥವು. ಬಿಸಿಲು ಬಿತ್ತು. ಬೆಳಗ್ಗೆ ಅವ್ವ ಹಿತ್ತಲ ನೆಲಕ್ಕೆ ಅಂಗೈ ಊರುವಳು. ಅತ್ತ ಅಪ್ಪ ಗದ್ದೆಗಿಳಿದು ಹಿಮ್ಮಡಿ ಊರುವನು. ಹಿಮ್ಮಡಿಯ ಗುಳಿಯಲ್ಲಿ ಮೊದಮೊದಲು ನೀರು ತುಂಬಿಕೊಳ್ಳುತ್ತಿತ್ತು. ಆಮೇಲೆ ಬರೀ ಒರತೆ. ಆಮೇಲೆ ಗುಳಿ ಗುಳಿಯಾಗಿಯೇ ಉಳಿಯಿತು. ಮಣ್ಣಿನ ಮೇಲೆ ಕೂದಲೆಳೆಯಂಥ ಬಿರುಕು ಮೂಡಿತು. ಅಪ್ಪ ಮನೆಗೆ ಬಂದು, "ಬಿರೀತು" ಅಂದ. ಮನೆಯಲ್ಲಿ ಯಾರಿಗೋ ಕಾಯಿಲೆ ಬಿಗಡಾಯಿಸಿತು ಅನ್ನುವ ದನಿಯಲ್ಲಿ. ಅವ್ವ ಹಿತ್ತಲಿಗೆ ಹೋಗಿ ಮುಟ್ಟಿ ಬಂದು, "ಇನ್ನೊಂದಿಷ್ಟು ತಡೀರಿ, ಕೈಗೆ ಇನ್ನೂ ತಣ್ಣಗೈತೆ" ಅಂದಳು. ಅಪ್ಪ ತಡೆದ. ಹೇಗೆ ತಡೆದನೋ. ಗದ್ದೆಯ ಕಡೆ ಮುಖ ಮಾಡಿ ಮಲಗುತ್ತಿದ್ದವನು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ.

ಪೈರು ಸಾಯಲಿಲ್ಲ. ಎಲೆಯ ತುದಿ ಒಂದಿಷ್ಟು ಹಳದಿಯಾಯಿತು, ಅಷ್ಟೆ. ನಮ್ಮ ಪಾಳಿ ಬಂದಾಗ ಅಪ್ಪ ನೆಲ ನೆನೆಯುವಷ್ಟು, ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಮಾತ್ರ ನೀರು ಬಿಟ್ಟು, ತಾನೇ ತೂಬು ಮುಚ್ಚಿ ಉಳಿದದ್ದನ್ನು ಪಕ್ಕದಲ್ಲಿದ್ದ ನೀಲಮ್ಮನ ಮನೆಯವರ ಗದ್ದೆಗೆ ತಿರುಗಿಸಿದ. ಆಮೇಲೆ ನೋಡಬೇಕಿತ್ತು. ಒಂದೊಂದು ಬುಡಕ್ಕೂ ಹೊಸ ಕವಲಿನ ತೆಂಡೆ ಒಡೆದದ್ದೇ ಒಡೆದದ್ದು. ಮುಷ್ಟಿಗೆ ಹಿಡಿಯದಷ್ಟು. ಈಜು ಬಾರದ ಹುಡುಗಿಯರು ದಡ ಹತ್ತಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು.

ಮಾವ ಬಂದು ಗದ್ದೆ ನೋಡಿದ. "ಭಲೆ! ನಾ ಹೇಳಿದ್ದು ಇದನ್ನೇ" ಅಂದ.

"ನೀ ಹೇಳಿದ್ದು ಮೀನಿನ ಮಾತು ಅಣ್ಣ" ಅಂದಳು ಅವ್ವ.

"ಮೀನೂ ಒಮ್ಮೊಮ್ಮೆ ಉಸಿರಿಗೆ ಮೇಲೆ ಬರಾಂಗಿಲ್ಲೇನು?" ಅಂದ ಮಾವ. ಅವನನ್ನು ಸೋಲಿಸಿದವರಿಲ್ಲ.

ಆದರೆ ಹಗೇವಿನ ಮಾತು ಇನ್ನೂ ಉಳಿದಿತ್ತು. ಮಳೆಗಾಲ ಪೂರ್ತಿ ಹಿಂದೆ ಸರಿದು ಒಣಗಾಳಿ ಬಿದ್ದ ಮೇಲೆ ಅಪ್ಪ ಮೆತ್ತಿದ ಮಣ್ಣು ಕಿತ್ತು ಚಪ್ಪಡಿ ಸರಿಸಿದ. ಒಳಗಿನ ಕಾವು ಹೊರಗೆ ಹೋಗಲೆಂದು ಬಹಳ ಹೊತ್ತು ಬಿಟ್ಟರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿಯಬಾರದು ಎಂದು ಲೆಕ್ಕ. ದೀಪ ನಡುಗಿತು, ಆರಲಿಲ್ಲ. ಅಪ್ಪ ಇಳಿದ. ಅವ್ವ ಹಗೇವಿನ ಬಾಯಿಯ ಪಕ್ಕ ಬೋರಲು ಬಿದ್ದು ಕಾದಳು.

"ರೀ, ಹೆಂಗೈತೆ?"

"ನಡುವೆ ಐತೆ" ಎಂದು ದನಿ ಬಂತು. "ಗದ್ದೆ ಕಡೆ ಮಗ್ಗುಲು ಹೋಗೈತೆ."

ಗದ್ದೆಯ ಕಡೆಯ ಜೋಳ ಕಪ್ಪಾಗಿ, ಹುಲ್ಲಿನೊಡನೆ ಒಂದೇ ಗಡ್ಡೆಯಾಗಿ ಬಂತು. ತಳದ್ದೂ ಹೋಗಿತ್ತು. ಉಳಿದದ್ದು ನಡುವಿನದು. ಅವ್ವ ಒಂದು ಹಿಡಿ ತೆಗೆದು ಮೂಸಿ, ಬಾಯಿಗೆ ಹಾಕಿಕೊಂಡು, ಅಗಿದು, ಅಲ್ಲೇ ಕುಳಿತು ಅತ್ತಳು. ಉಳಿಯಿತೆಂದು ಅತ್ತಳೋ, ಹೋಯಿತೆಂದು ಅತ್ತಳೋ, ನನಗೆ ಈಗಲೂ ತಿಳಿಯದು. ಅಪ್ಪ ಮಾತ್ರ ಹಗೇವಿನೊಳಗೇ ಏಣಿಯ ಮೇಲೆ ನಿಂತು, ತಲೆಯಷ್ಟನ್ನು ಹೊರಗೆ ಇಟ್ಟುಕೊಂಡು, "ನಿನ್ನ ಕೈ ಹೇಳಿದ್ದು ಖರೆ" ಅಂದ. ಅವ್ವನನ್ನು ಅಪ್ಪ ಹೊಗಳಿದ್ದು ನಾನು ಕೇಳಿದ್ದು ಅದೊಂದೇ ಸಲ. ಅದೂ ಗುಂಡಿಯೊಳಗಿಂದ.

ಅದೇ ಕೊನೆ. ನಾಲೆಯ ಊರಿನಲ್ಲಿ ಹಗೇವು ಇನ್ನು ನಡೆಯದೆಂದು ಎಲ್ಲರಿಗೂ ಗೊತ್ತಾಗಿ, ಒಂದೊಂದಾಗಿ ಮಣ್ಣು ತುಂಬಿ ಮುಚ್ಚಿದರು. ನಾವೂ ಮುಚ್ಚಿದೆವು. ಜೋಳದವರು ಭತ್ತದವರಾದೆವು. ಅನ್ನ ತಿನ್ನಲು ಜ್ವರ ಬರಬೇಕಾದ ಕಾಲ ಹೋಯಿತು. ಅಪ್ಪ ಆಮೇಲೆ ಎಂದೂ ನೀರು ತುಂಬಿಟ್ಟವನಲ್ಲ. ನೆನೆಸಿ, ಒಣಗಲು ಬಿಟ್ಟು, ಹಿಮ್ಮಡಿ ಊರಿ ನೋಡಿ, ಮತ್ತೆ ನೆನೆಸುತ್ತಿದ್ದ. ಒಂದು ಹೊತ್ತಿನಲ್ಲಿ ಮಾತ್ರ ಒಂದು ದಿನವೂ ನೀರು ತಪ್ಪಿಸುತ್ತಿರಲಿಲ್ಲ. ಪೈರು ಹೊಡೆ ಕಟ್ಟಿ, ತೆನೆ ಇನ್ನೂ ಒಳಗೇ ಇರುವಾಗ. "ಬಸುರಿಗೆ ಉಪವಾಸ ಹಾಕಬಾರ್ದು" ಅನ್ನುತ್ತಿದ್ದ. ಹಗೇವು ಹೋದರೂ ಅವ್ವನ ಕೈ ನಿಲ್ಲಲಿಲ್ಲ. ನನ್ನ ಬಾಣಂತನಕ್ಕೆ ದಾವಣಗೆರೆಗೆ ಬಂದವಳು ಈ ಕಲ್ಲಿನ ನೆಲವನ್ನೂ ಮುಟ್ಟಿ ನೋಡಿ, "ಒಣಗೈತೆ, ಮಗೂನ ಇಲ್ಲೇ ಮಲಗಿಸು" ಅಂದಿದ್ದಳು.

ಹೋದ ವರ್ಷ ದಸರೆಯ ಹೊತ್ತಿಗೆ ಅವಳ ಹೊಟ್ಟೆ ಉಬ್ಬತೊಡಗಿತು. ಇಲ್ಲಿಯ ದವಾಖಾನೆಗೆ ಕರೆತಂದೆವು. ಹೊಟ್ಟೆಯಲ್ಲಿ ನೀರು ನಿಂತಿದೆ ಅಂದರು ಡಾಕ್ಟರು. ಅವ್ವ ನನ್ನ ಕಡೆ ತಿರುಗಿ, "ನಿಮ್ಮಪ್ಪ ಆವಾಗ ನಿಲ್ಲಿಸಿದ್ದು, ಇಲ್ಲಿ ಬಂದು ಸೇರೈತೆ ನೋಡು" ಅಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಾಗಿಲಾಚೆ ಹೋಗಿ ನಿಂತೆ. ನೀರು ತೆಗೆದರು. ಮತ್ತೆ ತುಂಬಿತು. ಒಳಗೆ ಏನು ಕೆಟ್ಟಿದೆಯೆಂದು ತೆರೆದು ನೋಡುವುದಕ್ಕೆ ಮೈಯಲ್ಲಿ ಶಕ್ತಿಯಿಲ್ಲ ಅಂದರು. ಮಳೆಗಾಲದ ಹಗೇವಿನ ಮುಂದೆ ಅವ್ವ ಕುಳಿತ ಹಾಗೆ ನಾನು ಅವಳ ಮುಂದೆ ಕುಳಿತೆ. ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. ನನ್ನ ಕೈಗೆ ಏನೂ ತಿಳಿಯುತ್ತಿರಲಿಲ್ಲ.

ಊರಿಗೆ ಹೋಗುತ್ತೇನೆಂದು ಹಟ ಹಿಡಿದಳು. ಕರೆದುಕೊಂಡು ಹೋದೆ. ಬೇಸಿಗೆ ಬೆಳೆ ಹೊಡೆ ಕಟ್ಟಿ ನಿಂತಿತ್ತು. ಆ ಹೊತ್ತಿನಲ್ಲಿ ಅಪ್ಪ ತನ್ನ ಪಾಳಿಯ ನೀರನ್ನು ಬಿಟ್ಟುಕೊಟ್ಟ. ಒಂದು ಸಲವಲ್ಲ, ಮುಂದಿನ ಸಲವೂ. ನೀಲಮ್ಮನ ಮಗ ಬಂದು, "ದೊಡ್ಡಪ್ಪ, ನಿಮ್ಮ ಗದ್ದೆ ಬಿರೀತಾ ಐತೆ, ನಾನಾದ್ರೂ ತಿರುವ್ಲಾ?" ಎಂದು ಕೇಳಿದ. ಅಪ್ಪ, "ಬ್ಯಾಡ, ನೀವೇ ತಗೊಳ್ರಿ" ಅಂದ. ಹರಿಹರದಿಂದ ಅವ್ವನನ್ನು ನೋಡಲು ಬಂದ ಮಾವ ಗದ್ದೆಯನ್ನೂ ನೋಡಿ ಬಂದು, ಮೊದಲ ಸಲ ಸಣ್ಣ ದನಿಯಲ್ಲಿ ನನ್ನ ಹತ್ತಿರ ಹೇಳಿದ: "ನಿಮ್ಮಪ್ಪಂಗೆ ತಲೆ ನಿಂತಿಲ್ಲ ಕಣವ್ವ. ಬರೀ ಜಳ್ಳು ಆಗ್ತೈತೆ ಬೆಳೆ." ನಾನೂ ಹಾಗೇ ತಿಳಿದೆ. ದುಃಖಕ್ಕೆ ಗದ್ದೆ ಮರೆತಿದ್ದಾನೆಂದು.

ಅವ್ವ ಹೋದಳು. ನಮ್ಮಲ್ಲಿ ಮಣ್ಣಿಗಿಡುವುದು ಪದ್ಧತಿ. ಗದ್ದೆಯ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಅಜ್ಜ ಅಜ್ಜಿಯ ಗದ್ದುಗೆಗಳ ಪಕ್ಕದಲ್ಲಿ ಗುಂಡಿ ತೋಡಿದ್ದರು. ಸುತ್ತ ಎಲ್ಲರ ಗದ್ದೆಗಳೂ ನೀರಲ್ಲಿ ಹೊಳೆಯುತ್ತಿದ್ದವು. ನಮ್ಮದೊಂದೇ ಒಣಗಿ ಬಿರಿದು, ಹೊಡೆ ಕಟ್ಟಿದ ಪೈರು ಎಲೆ ಸುರುಳಿ ಮಾಡಿಕೊಂಡು ನಿಂತಿತ್ತು. ಅವ್ವನನ್ನು ಕೂಡಿಸಿ ಹೊತ್ತು ತಂದರು. ಅಯ್ಯನವರು ವಿಭೂತಿ, ಪತ್ರೆ ಹಿಡಿದು ನಿಂತರು.

"ಒಂದು ನಿಮಿಷ ತಡೀರಿ" ಅಂದ ಅಪ್ಪ.

ಹೆಗಲ ಮೇಲಿನ ವಲ್ಲಿಯನ್ನು ಮಾವನ ಕೈಗೆ ಕೊಟ್ಟು ತಾನೇ ಗುಂಡಿಗೆ ಇಳಿದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಹಿಮ್ಮಡಿ ಊರಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು, ತಳಕ್ಕೆ ಅಂಗೈ ಊರಿದ. ಆಮೇಲೆ ನೀಲಮ್ಮನ ಗದ್ದೆಯ ಕಡೆಯ ಗೋಡೆಗೆ ಊರಿದ. ಕೈಯನ್ನು ಕೆನ್ನೆಗೆ ಹಚ್ಚಿಕೊಂಡ. ಆಮೇಲೆ ತಲೆ ಎತ್ತಿ, ಅಷ್ಟು ಜನರಲ್ಲಿ ನನ್ನನ್ನು ಹುಡುಕಿದ.

"ಗಿರಿಜಾ, ಇಲ್ಲಿ ಬಾ. ನೀ ಒಂದು ಸಲ ನೋಡವ್ವ. ನಾ ಹೇಳಿದ್ರೆ ನಿಮ್ಮವ್ವ ನಂಬಂಗಿಲ್ಲ."

ನಾನು ಅಂಚಿನಲ್ಲಿ ಕುಳಿತು ಬಾಗಿ, ಕೈ ಇಳಿಬಿಟ್ಟು ಆ ಗೋಡೆಯ ಮಣ್ಣಿಗೆ ಅಂಗೈ ಊರಿದೆ. ಕೆನ್ನೆಗೆ ಹಚ್ಚಿಕೊಂಡೆ. ಅವ್ವನ ಕಡೆಗೆ ತಿರುಗಿ, "ಒಣಗೈತವ್ವ" ಅಂದೆ.